ನನ್ನ ಹಂದರ ನೆಲದ ಮೇಲಿದ್ದ ದಿನ

ಗುಳೇದಗುಡ್ಡ
ಬಿಸಿಲುಮಾಸ ೪೩, ೨೨೦೩

ಹಿಂದಿನವರಿಗೆ ನಮಸ್ಕಾರ.

ಮೇಲಿನ ತಾರೀಖು ನೋಡಿ, ಬರೆದವಳ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನೀವು ಮಾರ್ಚ್, ಏಪ್ರಿಲ್, ಮೇ ಎನ್ನುವ ಮೂರು ತಿಂಗಳನ್ನು ನಾವು ಕೂಡಿಸಿ ಬಿಸಿಲುಮಾಸ ಎನ್ನುತ್ತೇವೆ. ಅದಕ್ಕೆ ತೊಂಬತ್ತೆರಡು ದಿನ. ಆ ದಿನಗಳಲ್ಲಿ ಕಚೇರಿ, ಶಾಲೆ, ಪೇಟೆ ಎಲ್ಲವೂ ನಸುಕಿನ ಐದಕ್ಕೆ ತೆರೆದು ಹತ್ತರೊಳಗೆ ಮುಚ್ಚುತ್ತವೆ, ಸಂಜೆ ಐದರ ಮೇಲೆ ಮತ್ತೆ ತೆರೆಯುತ್ತವೆ. ಒಂದೇ ರೀತಿ ಸಾಗುವ ದಿನಗಳಿಗೆ ಮೂರು ಹೆಸರು ಯಾಕೆ ಎಂದು ನನ್ನ ಮುತ್ತಜ್ಜಿಯ ಕಾಲದ ಸರಕಾರ ಒಂದೇ ಹೆಸರಿಟ್ಟಿತು. ನಿಮ್ಮ ಎಣಿಕೆಯಲ್ಲಿ ಇವತ್ತು ಏಪ್ರಿಲ್ ಹನ್ನೆರಡು. ಇಂಥ ಅಪರಿಚಿತ ಮಾತುಗಳು ಈ ಕಾಗದದಲ್ಲಿ ಇನ್ನೂ ಬರುತ್ತವೆ. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಮರೆತರೆ ಕ್ಷಮಿಸಿ.

ನಮ್ಮಲ್ಲಿ ಎಪ್ಪತ್ತು ತುಂಬಿದ ಪ್ರತಿಯೊಬ್ಬರಿಗೂ ಒಂದೇ ಒಂದು ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುವ ಹಕ್ಕಿದೆ. ಹಿಂಟಪಾಲು ಎಂದು ಅದರ ಹೆಸರು. ಅದು ಹೇಗೆ ಹೋಗುತ್ತದೆ ಎಂಬುದು ನನಗೆ ತಿಳಿಯದು, ಕಿಟಕಿಯಲ್ಲಿ ಕೂತು ಕಾಗದ ತೆಗೆದುಕೊಳ್ಳುವ ಹುಡುಗಿಗೂ ತಿಳಿಯದು. ಮುಟ್ಟಿತೋ ಇಲ್ಲವೋ ಎಂದು ಉತ್ತರವೂ ಬರುವುದಿಲ್ಲ. ಬಹಳ ಮಂದಿ ತಮ್ಮ ಮುತ್ತಜ್ಜನ ಹೆಸರಿಗೆ ಬರೆದು, ಇಂಥ ಊರಿನ ಇಂಥ ಹೊಲ ಬಿಡಬೇಡ, ಮುಂದೆ ಬಂಗಾರವಾಗುತ್ತದೆ ಎನ್ನುತ್ತಾರಂತೆ. ಕಚೇರಿಯವರು ಆ ಸಾಲುಗಳಿಗೆ ಮಸಿ ಬಳಿದು ಉಳಿದದ್ದನ್ನು ಕಳಿಸುತ್ತಾರೆ. ನಾನು ನನ್ನ ಮನೆತನದವರಿಗೆ ಬರೆಯುತ್ತಿಲ್ಲ. ನನ್ನ ಹೆಸರು ಕೇಳಿರದ, ನನ್ನಿಂದ ಏನೂ ಆಗಬೇಕಾಗಿರದ ಯಾರಾದರೂ ಒಬ್ಬರು ಓದಲಿ ಎಂದು ಬರೆಯುತ್ತಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.

ನನ್ನ ಹೆಸರು ಸುಗಂಧಾ ಬರಗುಂಡಿ. ನನ್ನ ಕಸುಬು ಹಂದರ. ನಿಮ್ಮ ಕಾಲದಲ್ಲಿ ಹಂದರವೆಂದರೆ ಮದುವೆ ಮನೆಯ ಮುಂದೆ ಹಾಕಿ ನಾಲ್ಕು ದಿನಕ್ಕೆ ಬಿಚ್ಚುವಂಥದು ಎಂದು ಕೇಳಿದ್ದೇನೆ. ನಮಗೆ ಅದು ಊರಿನ ಮಾಡು. ಬಿಸಿಲುಮಾಸದ ನಡುಹಗಲು ನೆರಳಿಲ್ಲದ ಓಣಿಯಲ್ಲಿ ಅರ್ಧ ಗಂಟೆ ನಡೆದವನು ಆಸ್ಪತ್ರೆ ಸೇರುತ್ತಾನೆ. ಆದ್ದರಿಂದ ಪ್ರತಿ ಓಣಿಯ ಎರಡೂ ಬದಿಗೆ ಕಂಬ ನೆಟ್ಟು, ಹಗ್ಗ ಎಳೆದು, ಬಟ್ಟೆ ಏರಿಸುತ್ತೇವೆ. ಆ ಬಟ್ಟೆ ಬೇರೆ ಯಾವುದೂ ಅಲ್ಲ, ನಮ್ಮೂರ ಖಣ. ನಿಮ್ಮ ಹೆಂಗಸರು ಕುಪ್ಪಸಕ್ಕೆ ಹೊಲಿಸಿಕೊಳ್ಳುತ್ತಿದ್ದ ಅದೇ ನೇಯ್ಗೆ, ನೂಲು ಮಾತ್ರ ಬೇರೆ. ಹತ್ತಿಯ ಜೊತೆಗೆ ಸುಣ್ಣದ ಕಲ್ಲಿನಿಂದ ತೆಗೆದ ಬಿಳಿಯ ಎಳೆಯೊಂದು ಸೇರುತ್ತದೆ. ಅದು ಬಿಸಿಲನ್ನು ಬಂದ ದಾರಿಗೇ ತಿರುಗಿಸುತ್ತದೆ. ಬಿಸಿಲುಖಣ ಎನ್ನುತ್ತೇವೆ. ಒಂದೊಂದು ಓಣಿಗೆ ಒಂದೊಂದು ಬಣ್ಣ. ಅಂಗೈ ಚಾಚಿದರೆ ಅದರ ಮೇಲೆ ಬಿದ್ದ ಕೆಂಪೋ ಹಸಿರೋ ನೋಡಿ ಯಾವ ಓಣಿಯಲ್ಲಿದ್ದೇವೆ ಎಂದು ಕಣ್ಣು ಮಂಜಾದ ಮುದುಕರೂ ಹೇಳುತ್ತಾರೆ. ಅದರ ಕೆಳಗೆ ಊರು ತನ್ನ ಪಾಡಿಗೆ ಬದುಕುತ್ತದೆ. ಹೆಂಗಸರು ಕಟ್ಟೆಯ ಮೇಲೆ ಕೂತು ರೊಟ್ಟಿಗೆ ಹಿಟ್ಟು ನಾದುತ್ತಾರೆ, ಮಕ್ಕಳು ನೆರಳಿನ ಅಂಚು ತುಳಿಯದೆ ಓಡುವ ಆಟವಾಡುತ್ತಾರೆ, ಎಮ್ಮೆಗಳು ಯಾರ ಮನೆಯ ಮುಂದಾದರೂ ಮಲಗುತ್ತವೆ, ಯಾರೂ ಎಬ್ಬಿಸುವುದಿಲ್ಲ.

ಈ ಕಸುಬಿನಲ್ಲಿ ನನ್ನದೇ ದೊಡ್ಡ ಮನೆ. ಹನ್ನೊಂದು ಊರುಗಳಿಗೆ ನೆರಳು ಹಾಕುತ್ತೇವೆ. ಇನ್ನೂರು ಸಂಸಾರಗಳು ನಮ್ಮಲ್ಲಿ ದುಡಿದು ಉಣ್ಣುತ್ತವೆ. ಇಷ್ಟೆಲ್ಲ ಹೇಗೆ ಸಾಧಿಸಿದಿರಿ ಎಂದು ಜನ ನಲವತ್ತೈದು ವರ್ಷ ಕೇಳಿದರು, ನಾನು ಹೇಳುತ್ತ ಬಂದೆ. ಹೇಳಿದ್ದು ಸುಳ್ಳು.

ನಾನು ಕಸುಬಿಗೆ ಇಳಿದದ್ದು ಇಪ್ಪತ್ತಾರನೆಯ ವಯಸ್ಸಿಗೆ. ಅದೇ ವರ್ಷ ಇಳಿದ ಇನ್ನೊಬ್ಬನೆಂದರೆ ಮಾಗುಂಡಪ್ಪ. ನನಗಿಂತ ಮೂರು ವರ್ಷ ದೊಡ್ಡವನು, ಮಾಗುಂಡಣ್ಣ ಎಂದೇ ಕರೆಯುತ್ತಿದ್ದೆ. ಊರಿನ ನೆರಳು ಸಮಿತಿಯವರು ನಮ್ಮಿಬ್ಬರಿಗೂ ನಾಲ್ಕು ನಾಲ್ಕು ಓಣಿ ಕೊಟ್ಟರು. ಹೊರಗಿನವರ ಕಣ್ಣಿಗೆ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಿದ್ದೆವು. ಆದರೆ ಆ ಗೆರೆಗೆ ನಾವು ಬಂದ ದಾರಿ ಒಂದೇ ಆಗಿರಲಿಲ್ಲ.

ನನ್ನ ತಾಯಿ ಗೌರವ್ವ ಮಗ್ಗದವಳು. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ತಪ್ಪು ನೇಯ್ದರೆ ಅವ್ವ ಬೈಯುತ್ತಿರಲಿಲ್ಲ. ನನ್ನ ಕೈಯಿಂದಲೇ ಎಳೆ ಬಿಚ್ಚಿಸಿ, ಎಲ್ಲಿ ತಪ್ಪಿತೆಂದು ನಾನೇ ಹುಡುಕುವವರೆಗೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಶಾಲೆಯಲ್ಲಿ ನೂರಜಹಾನ್ ಅಕ್ಕೋರು ಎಂಬ ಶಿಕ್ಷಕಿ ಇದ್ದರು. ನಮ್ಮನ್ನು ಗುಡ್ಡದ ಮೇಲೆ ಕರೆದೊಯ್ದು, ಇಡೀ ಬಟ್ಟೆಯೊಂದನ್ನೂ ತೂತು ಬಟ್ಟೆಯೊಂದನ್ನೂ ಗಾಳಿಗೆ ಹಿಡಿಸಿ, ಯಾವುದು ಕೈಯನ್ನು ಹೆಚ್ಚು ಜಗ್ಗುತ್ತದೆ, ಎಷ್ಟು ಜಗ್ಗುತ್ತದೆ ಎಂದು ಬರೆಸುತ್ತಿದ್ದರು. ಮುಂದೆ ಬಾಗಲಕೋಟೆಯಲ್ಲಿ ಎರಡು ವರ್ಷ ಓದಿದೆ.

ಮಾಗುಂಡಣ್ಣನ ತಂದೆ ತಾಯಿ ಅವನ ಐದನೆಯ ವಯಸ್ಸಿಗೇ ಜ್ವರದಲ್ಲಿ ಹೋದರು. ಬೆಳೆದದ್ದು ಸೋದರಮಾವನ ಮನೆಯಲ್ಲಿ, ಹಂಗಿನ ಅನ್ನದಲ್ಲಿ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಯದಿದ್ದರೆ ಆ ಮನೆಯಲ್ಲಿ ಅವನಿಗೆ ಊಟದ ತಾಟು ಇಡುತ್ತಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮುದುಕ ಹಮಾಲರ ಹಿಂದೆ ತಿರುಗಿ ಹಗ್ಗದ ಗಂಟುಗಳನ್ನು ಕಲಿತ. ಎಳೆದಷ್ಟೂ ಬಿಗಿಯಾಗುವ ಅವನ ಗಂಟು ನಮ್ಮ ಕಡೆ ಇನ್ನಾರಿಗೂ ಬರುತ್ತಿರಲಿಲ್ಲ. ಅವನು ಯಾವತ್ತೂ ತಡ ಮಾಡಿದವನಲ್ಲ. ಅದು ಅವನ ಸ್ವಭಾವವೆಂದು ತಿಳಿದಿದ್ದೆ. ಅದು ಹಸಿವೆಯ ಭಯವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಫೆಬ್ರುವರಿಯ ಕೊನೆಯ ದಿನ ಹೊತ್ತು ಮುಳುಗುವುದರೊಳಗೆ ಊರಿನ ಎಲ್ಲ ಹಂದರ ಏರಿರಬೇಕು, ಇದು ನಿಯಮ. ೨೧೫೭ನೆಯ ಇಸವಿಯಲ್ಲಿ ಮಾಗುಂಡಣ್ಣನ ನಾಲ್ಕೂ ಓಣಿ ಒಂದು ದಿನ ಮೊದಲೇ ಏರಿದ್ದವು. ನನ್ನವು ಏರಿರಲಿಲ್ಲ. ಕಾರಣವನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಇಳಕಲ್ಲಿನಲ್ಲಿ ಗೆಳತಿಯ ಮದುವೆಯಿತ್ತು. ಒಂದು ದಿನಕ್ಕೆಂದು ಹೋದವಳು ಮೂರು ದಿನ ಉಳಿದೆ. ಹೋಳಿಗೆ ಉಂಡೆ, ಹಾಡು ಹೇಳಿದೆ, ಮಧ್ಯಾಹ್ನ ಮಲಗಿದೆ. ಹೋಗುವ ಮೊದಲು ಹಗ್ಗ ತರಿಸುವುದನ್ನು ಮರೆತಿದ್ದೆ. ಕೊನೆಯ ದಿನ ಹನ್ನೆರಡಕ್ಕೆ ಊರಿಗೆ ಬಂದರೆ, ನನ್ನ ಎಂಟು ಜನ ಆಳುಗಳು ಗೋದಾಮಿನಲ್ಲಿ ಖಣದ ಸುರುಳಿಗಳ ಮೇಲೆ ಕೂತು ನನ್ನ ದಾರಿ ನೋಡುತ್ತಿದ್ದರು. ಸಮಿತಿಯವರು ಬಂದು, ಸಂಜೆಯೊಳಗೆ ಏರದಿದ್ದರೆ ಓಣಿ ಕಸಿದುಕೊಳ್ಳುತ್ತೇವೆ ಎಂದು ಹೇಳಿ ಹೋಗಿದ್ದರಂತೆ. ನನಗೆ ಅಳು ಬಂತು. ಅವ್ವ ತಂಬಿಗೆಯಲ್ಲಿ ನೀರು ಕೊಟ್ಟು ಹೇಳಿದಳು: "ಹೋಗ್ಲಿ ಬಿಡ ಮಗಳ. ಓಣಿ ಹೋದ್ರ ಮಗ್ಗ ಐತಿ. ಹಂಗೇನ ಉಪಾಸ ಬೀಳೂದಿಲ್ಲ."

ಮೂರು ಗಂಟೆಗೆ ಗಾಳಿ ಬಂತು.

ಆ ದಿನಗಳಲ್ಲಿ ಅಂಥ ಗಾಳಿ ಬರುವುದಿಲ್ಲ. ಅದು ಬರುವುದು ಅಡ್ಡಮಳೆಯ ಜೊತೆಗೆ, ಬಿಸಿಲುಮಾಸ ಅರ್ಧ ಕಳೆದ ಮೇಲೆ. ಯಾವ ಯಂತ್ರವೂ ಮೊದಲೇ ಹೇಳಿರಲಿಲ್ಲ. ಪಡುವಣ ಗುಡ್ಡಗಳ ಮೇಲಿಂದ ಕೆಂಪು ಧೂಳು ಗೋಡೆಯಂತೆ ಎದ್ದು ಬಂತು. ಇಪ್ಪತ್ತು ನಿಮಿಷ ಇದ್ದಿರಬಹುದು. ಅದು ನಿಂತಾಗ ಊರಿನ ಮೇಲೆ ಒಂದು ಗೇಣು ಖಣವೂ ಉಳಿದಿರಲಿಲ್ಲ. ಹರಿದ ಬಣ್ಣಬಣ್ಣದ ಬಟ್ಟೆ ದೂರದ ಬಂಡೆಗಳಿಗೆ ಸುತ್ತಿಕೊಂಡು ಪಟಪಟ ಬಡಿಯುತ್ತಿತ್ತು. ಮಾಗುಂಡಣ್ಣನಿಗೆ ಸೇರಿದ ಪೇಟೆ ಓಣಿಯಲ್ಲಿ ಒಂದು ಕಂಬ ಬುಡದ ಕಲ್ಲಿನ ಸಮೇತ ಕಿತ್ತು, ಕಾಯಿಪಲ್ಲೆ ಮಾರುವ ದ್ಯಾಮವ್ವನ ಮೇಲೆ ಬಿದ್ದಿತ್ತು. ಅವಳ ತೊಡೆ ಮುರಿಯಿತು. ಕಂಬ ಎತ್ತಲು ಓಡಿದವರಲ್ಲಿ ನಾನೂ ಒಬ್ಬಳು. ಅದು ಹಿಂದಿನವರು ಎಂದೋ ನೆಟ್ಟ ಹಳೆಯ ಕಂಬ. ಅದರ ತುದಿಯಲ್ಲಿ ಮಾಗುಂಡಣ್ಣ ಹಾಕಿದ್ದ ಗಂಟು ಹಾಕಿದ ಹಾಗೇ ಇತ್ತು. ನಾನು ಕಣ್ಣಾರೆ ನೋಡಿದೆ.

ಮರುದಿನ ಬಿಸಿಲು ನಲವತ್ತೇಳು ಡಿಗ್ರಿ. ಇಡೀ ಊರಿನಲ್ಲಿ ಇಡಿಯಾಗಿ ಉಳಿದಿದ್ದ ಖಣವೆಂದರೆ ನನ್ನ ಗೋದಾಮಿನ ಸುರುಳಿಗಳು. ಬಿದ್ದ ಹಗ್ಗಗಳನ್ನೇ ಆರಿಸಿ ತಂದು ಮೊದಲು ಆಸ್ಪತ್ರೆಯ ಮುಂದೆ ಏರಿಸಿದೆವು, ಆಮೇಲೆ ನೀರಿನ ಟಾಕಿಯ ಮುಂದೆ. ಮುಂದಿನ ನಲವತ್ತು ದಿನ ನಾನು ದುಡಿದ ಹಾಗೆ ಯಾರೂ ದುಡಿದಿಲ್ಲ ಎಂದರೆ ಅದು ಜಂಬವಲ್ಲ. ಬಂಡೆಗಳಿಂದ ಹರಕು ಬಿಡಿಸಿ ತಂದು, ಅವ್ವ ಕಲಿಸಿದ ರಫೂ ಹೊಲಿಗೆ ಹಾಕಿ ಜೋಡಿಸಿದೆ. ಬೆರಳ ತುದಿ ಒಡೆದು ರಕ್ತ ಬರುತ್ತಿತ್ತು. ಹೊಲಿಯುವಾಗ ಅಕ್ಕೋರ ತೂತು ಬಟ್ಟೆ ನೆನಪಾಗಿ, ಖಣದಲ್ಲಿ ಅರ್ಧಚಂದ್ರದ ಸೀಳುಗಳನ್ನು ಬಿಟ್ಟು ಅಂಚು ಕಟ್ಟಿದೆ. ಗಾಳಿ ಬಂದರೆ ತೆರೆದು ದಾರಿ ಬಿಡುತ್ತವೆ, ನಿಂತರೆ ಮುಚ್ಚಿಕೊಳ್ಳುತ್ತವೆ. ಈಗ ಅದಕ್ಕೆ ಗಾಳಿಗಣ್ಣು ಎನ್ನುತ್ತಾರೆ, ಎಲ್ಲ ಊರಿನಲ್ಲೂ ಹಾಕುತ್ತಾರೆ. ಅಡ್ಡಮಳೆಯ ಗಾಳಿ ಬಂದಾಗ ನನ್ನ ಹಂದರ ಒಂದೂ ಹರಿಯಲಿಲ್ಲ. ಮರುವರ್ಷ ಇಡೀ ಊರು ನನ್ನ ಕೈಗೆ ಬಂತು, ಅದರ ಮರುವರ್ಷ ಪಕ್ಕದ ಊರು.

ಆದರೆ ಸುಳ್ಳು ಹುಟ್ಟಿದ್ದು ಮೂರನೆಯ ದಿನ. ಪತ್ರಿಕೆಯವನೊಬ್ಬ ಬಂದ. ಪಕ್ಕದಲ್ಲೇ ಸಮಿತಿಯ ಅಧಿಕಾರಿ ನಿಂತಿದ್ದರು. ನಿಮ್ಮೊಬ್ಬರ ಹಂದರ ಮಾತ್ರ ಏರಿರಲಿಲ್ಲ, ಯಾಕೆ ಎಂದು ಅವನು ಕೇಳಿದ. ಮದುವೆಗೆ ಹೋಗಿದ್ದೆ, ಹಗ್ಗ ಮರೆತಿದ್ದೆ ಎಂದರೆ ಅಲ್ಲೇ ಓಣಿ ಹೋಗುತ್ತಿದ್ದವು. ನನ್ನ ಬಾಯಿಂದ ಒಂದು ಮಾತು ಬಂತು: "ಗಾಳಿ ಲಕ್ಷಣ ಕಂಡಿತ್ತರಿ. ಅದಕ್ಕ ತಡದೆ." ಹೆಮ್ಮೆಯಿಂದ ಹೇಳಿದ್ದಲ್ಲ, ಹೆದರಿ ಹೇಳಿದ್ದು. ಮರುದಿನ ಪತ್ರಿಕೆಯಲ್ಲಿ ನನ್ನ ಚಿತ್ರ, ಕೆಳಗೆ, ಕಾದು ನಿಂತವಳೆಂಬ ಅರ್ಥದಲ್ಲಿ, 'ತಡೆದವಳು' ಎಂಬ ಹೆಸರು. ಊರು ಆ ಹೆಸರನ್ನು ಎತ್ತಿಕೊಂಡಿತು. ಮೊದಲ ವರ್ಷ ಆ ಕತೆ ಹೇಳುವಾಗ ನಾಲಗೆ ತೊದಲುತ್ತಿತ್ತು. ಹತ್ತನೆಯ ವರ್ಷಕ್ಕೆ ಇರುವೆಗಳು ಸಾಲು ತಪ್ಪಿದ್ದನ್ನು ನೋಡಿದ್ದೆ ಎಂದು ಸೇರಿಸಿದೆ. ಇಪ್ಪತ್ತನೆಯ ವರ್ಷಕ್ಕೆ ಆ ಇರುವೆಗಳು ನನ್ನ ಕಣ್ಣಿಗೂ ಕಟ್ಟುತ್ತಿದ್ದವು.

ಒಬ್ಬಳು ತಡೆದವಳಾದರೆ ಇನ್ನೊಬ್ಬ ಅವಸರ ಮಾಡಿದವನಾಗಲೇಬೇಕಲ್ಲ. ಮಾಗುಂಡಣ್ಣನ ಓಣಿಗಳನ್ನು ತೆಗೆದುಕೊಂಡರು. ದ್ಯಾಮವ್ವನ ಮನೆಯವರು ಅವನ ಬಾಗಿಲ ಮುಂದೆ ನಿಂತು, ಗಂಟು ಸಡಿಲಾಗಿ ಕಂಬ ಬಿತ್ತೆಂದು ಶಾಪ ಹಾಕಿದರು. ಅವನಿಗೆ ಹಗ್ಗ ಹಿಡಿಯುವ ಕೆಲಸವನ್ನು ಈ ಸೀಮೆಯಲ್ಲಿ ಯಾರೂ ಕೊಡಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೊರಟುಹೋಗಿ, ಎಲ್ಲೆಲ್ಲೋ ಕಂಬದ ಗುಂಡಿ ತೋಡುತ್ತ ಇಪ್ಪತ್ತು ವರ್ಷ ಕಳೆದು, ಮಗ ದೊಡ್ಡವನಾದ ಮೇಲೆ ಊರಿಗೆ ಮರಳಿದ. ನನ್ನಲ್ಲಿ ಕೆಲಸಕ್ಕೆ ಬಾ ಎಂದು ಹೇಳಿಕಳಿಸಿದ್ದೆ. ಅವನು ಬರಲಿಲ್ಲ. ಸೊಕ್ಕು ಎಂದುಕೊಂಡು ಸುಮ್ಮನಾದೆ.

ನಮ್ಮ ನಾಲ್ಕನೆಯ ಇಯತ್ತೆಯ ಪುಸ್ತಕದಲ್ಲಿ 'ತಡೆದವಳು' ಎಂಬ ಪಾಠವಿದೆ. ಹೋದ ವರ್ಷ ಶಾಲೆಯ ಬಹುಮಾನದ ದಿನಕ್ಕೆ ನನ್ನನ್ನು ಕರೆದಿದ್ದರು. ಸಮಾರಂಭಕ್ಕೆ ಇನ್ನೂ ಹೊತ್ತಿತ್ತು. ಅಲ್ಲಿಯ ಶಿಕ್ಷಕಿ ಪ್ರೀತಿಯಿಂದ, ನಿಮ್ಮ ಪಾಠಕ್ಕೆ ಮಕ್ಕಳು ಬರೆದ ಉತ್ತರ ನೋಡಿರಿ ಎಂದು ವಹಿಗಳ ಕಟ್ಟನ್ನೇ ಮುಂದಿಟ್ಟರು. ಪಾಠದ ಕೊನೆಯ ಪ್ರಶ್ನೆ, ಇನ್ನೊಬ್ಬ ಹಂದರದವನು ಮಾಡಿದ ತಪ್ಪೇನು ಎಂದಿತ್ತು. ಪುಸ್ತಕದಲ್ಲಿ ಹೆಸರಿಲ್ಲ, ಊರಿಗೆಲ್ಲ ಹೆಸರು ಗೊತ್ತು. ಎಲ್ಲ ಮಕ್ಕಳೂ ದುಂಡಗೆ ಬರೆದಿದ್ದರು: ಅವಸರ ಮಾಡಿದನು, ಮುಂದಾಲೋಚನೆ ಇರಲಿಲ್ಲ. ಒಂದು ವಹಿಯಲ್ಲಿ ಮಾತ್ರ ಬೇರೆ ಇತ್ತು. "ಅವರು ನಮ್ಮ ಅಜ್ಜ. ಹೇಳಿದ ದಿನ ಹೇಳಿದ ಕೆಲಸ ಮಾಡಿದರು. ತಪ್ಪು ಯಾವುದು ನನಗೆ ತಿಳಿಯಲಿಲ್ಲ." ಅದರ ಮೇಲೆ ಕೆಂಪು ಅಡ್ಡಗೆರೆ, ಪಕ್ಕದಲ್ಲಿ ಸೊನ್ನೆ. ವಹಿಯ ಮೇಲಿನ ಹೆಸರು ಕಸ್ತೂರಿ.

ಆ ದಿನ ಬಹುಮಾನಗಳನ್ನು ಹೇಗೆ ಕೊಟ್ಟೆನೋ ನೆನಪಿಲ್ಲ. ನಲವತ್ತೈದು ವರ್ಷ ನನ್ನ ಸುಳ್ಳು ನನ್ನೊಬ್ಬಳದೇ ಎಂದು ತಿಳಿದಿದ್ದೆ. ಅದು ಮೂರನೆಯ ತಲೆಮಾರಿನ ಹುಡುಗಿಯ ವಹಿಯವರೆಗೆ ಹೋಗಿತ್ತು.

ಮರುದಿನ ನಸುಕಿನಲ್ಲಿ ಗುಡ್ಡದ ಬುಡದ ಅವನ ಮನೆಗೆ ಹೋದೆ. ಮಾಗುಂಡಣ್ಣ ಕಟ್ಟೆಯ ಮೇಲೆ ಕೂತು ಪುಂಡಿ ನಾರು ಹೊಸೆಯುತ್ತಿದ್ದ. ಎದ್ದು ನಿಲ್ಲಲಿಲ್ಲ, ಬಾ ಎಂದು ಜಾಗ ತೋರಿಸಿದ. ನಾನು ಪೀಠಿಕೆ ಹಾಕದೆ ಎಲ್ಲವನ್ನೂ ಹೇಳಿದೆ. ಮದುವೆ, ಹೋಳಿಗೆ, ಮರೆತ ಹಗ್ಗ, ಪತ್ರಿಕೆಯವನು. ಅವನು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನಂಗ ಗೊತ್ತಿತ್ತವಾ," ಎಂದ. "ನಿನ್ನ ಗೋದಾಮಿನ್ಯಾಗ ನಮ್ಮ ಮನಿಯಾಕಿ ತಮ್ಮ ಇದ್ದ. ಆವತ್ತ ಸಂಜಿಕೇನ ಹೇಳಿದ್ದ."

ಹಾಗಾದರೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಏನಂತಿದ್ರು? ಸೋತಾಂವ ಹೊಟ್ಟಿಕಿಚ್ಚಿಗೆ ಮಾತಾಡ್ತಾನ ಅಂತಿದ್ರು. ಗೆದ್ದಾಕಿ ಮಾತಿಗೆ ಸಾಕ್ಷಿ ಬೇಕಾಗೂದಿಲ್ಲ. ಸೋತಾಂವ ಸಾಕ್ಷಿ ತಂದ್ರೂ ನಡಿಯೂದಿಲ್ಲ."

ನನ್ನ ಆಸ್ತಿಯಲ್ಲಿ ಪಾಲು ಕೊಡುತ್ತೇನೆ ಎಂದೆ. ಅವನು ಮೊದಲ ಸಲ ಕೈ ನಿಲ್ಲಿಸಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಬಹಳ ದಣಿದ ಮುಖ.

"ನಿನ್ನ ರೊಕ್ಕ ಬ್ಯಾಡ ತಂಗಿ. ನೀ ದುಡದಿಲ್ಲ ಅಂತ ನಾ ಅಂದಿಲ್ಲ. ನಿನ್ನ ಬೆರಳಾಗಿನ ರಗತ ನಾನೂ ನೋಡೀನಿ. ಆದ್ರ ನಾನೂ ದುಡದಿದ್ದೆ. ದ್ಯಾಮವ್ವ ಸಾಯೂತನಕ ಕುಂಟಿದ್ಲು, ನನ್ನ ಗಂಟ ಸಡ್ಲಾಗಿ ಕಂಬ ಬಿತ್ತು ಅಂತಾನ ಸತ್ಲು. ನನ್ನ ಗಂಟ ಬಿಚ್ಚಿದ್ದಿಲ್ಲ. ನೀ ನೋಡಿದ್ದಿ. ಅದೊಂದ ಮಾತ ನನ್ನ ಮೊಮ್ಮಗಳ ಮುಂದ ಹೇಳು. ಸಾಕು."

ಕಂಬ ಎತ್ತುವಾಗ ನಾನು ಗಂಟನ್ನು ನೋಡಿದ್ದನ್ನು ಅವನೂ ನೋಡಿದ್ದ. ನಲವತ್ತೈದು ವರ್ಷ ಆ ಒಂದು ಮಾತಿಗೆ ಕಾದಿದ್ದ.

ಮೊಮ್ಮಗಳ ಮುಂದೆ ಮಾತ್ರವಲ್ಲ, ಇಡೀ ಶಾಲೆಯ ಮುಂದೆ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮನೆಯಲ್ಲಿ ಮಗಳು ಅನುಸೂಯಾ ಒಪ್ಪಲಿಲ್ಲ. ಈಗ ಕಸುಬು ನಡೆಸುವವಳು ಅವಳೇ. ಆಗ ಹಿನ್ನೀರಿನ ದಂಡೆಯ ಆರು ಊರುಗಳ ಹಂದರ ಯಾರಿಗೆ ಎಂದು ತೀರ್ಮಾನವಾಗುವ ಹೊತ್ತು. ನಮ್ಮ ಹೆಸರಿನ ಮೇಲೆಯೇ ಅದು ನಿಂತಿತ್ತು. ಕೂಗಾಡಲಿಲ್ಲ, ಊಟಕ್ಕೆ ಬಡಿಸುತ್ತಲೇ ಹೇಳಿದಳು: "ಅವ್ವಾ, ನಿನ್ನ ಒಬ್ಬಾಕಿ ಸಮಾಧಾನಕ್ಕ ಇನ್ನೂರ ಮನಿ ಒಲಿ ಆರಸ್ತಿ ಏನ? ಅವರೇನ ಸುಳ್ಳ ಹೇಳ್ಯಾರ?"

ಅವಳು ಹೇಳಿದ್ದು ನಿಜ. ಎಂಟು ದಿನ ಮನೆಯಿಂದ ಹೊರಗೆ ಬರಲಿಲ್ಲ. ಆ ಎಂಟು ದಿನ ನನ್ನ ಬದುಕನ್ನು ನೂಲಿನಂತೆ ಬಿಡಿಸಲು ನೋಡಿದೆ. ಅವ್ವ ಕೊಟ್ಟದ್ದೆಷ್ಟು, ಅಕ್ಕೋರು ಕಲಿಸಿದ್ದೆಷ್ಟು, ನಾನು ದುಡಿದದ್ದೆಷ್ಟು, ಗಾಳಿ ತಂದದ್ದೆಷ್ಟು? ಬಿಡಿಸಲಾಗಲಿಲ್ಲ. ಹೊಲಿಗೆ ಬಾರದಿದ್ದರೆ ಆ ಗಾಳಿ ನನಗೆ ನಾಲ್ಕು ದಿನದ ಲಾಭವಾಗಿ ಮುಗಿಯುತ್ತಿತ್ತು. ಓದಿರದಿದ್ದರೆ ಗಾಳಿಗಣ್ಣು ಹೊಳೆಯುತ್ತಿರಲಿಲ್ಲ. ದುಡಿಯದಿದ್ದರೆ ಎರಡೂ ಕೆಲಸಕ್ಕೆ ಬರುತ್ತಿರಲಿಲ್ಲ. ಇಷ್ಟು ನನಗೆ ಮೊದಲೂ ಗೊತ್ತಿತ್ತು. ಹೊಸದಾಗಿ ಕಂಡದ್ದು ಇನ್ನೊಂದು. ನಾನು ಆವತ್ತು ತಡ ಮಾಡಿದ್ದು ಯಾಕೆ? ತಡ ಮಾಡಿದರೂ ಉಪವಾಸ ಬೀಳುವುದಿಲ್ಲ ಎನ್ನುವ ಮನೆಯಲ್ಲಿ ಬೆಳೆದಿದ್ದೆ. ಮಾಗುಂಡಣ್ಣ ಒಂದು ದಿನ ಮೊದಲೇ ಮುಗಿಸಿದ್ದು ಯಾಕೆ? ತಡ ಮಾಡಿದರೆ ತಾಟು ಸಿಗದ ಮನೆಯಲ್ಲಿ ಬೆಳೆದಿದ್ದ. ನನ್ನ ಸುಖ ನನ್ನನ್ನು ಸೋಮಾರಿ ಮಾಡಿತು, ಅವನ ಕಷ್ಟ ಅವನನ್ನು ಶಿಸ್ತಿನವನನ್ನಾಗಿ ಮಾಡಿತು. 'ಕಷ್ಟಪಟ್ಟವರಿಗೆ ಫಲ' ಎಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಆದರೆ ಆ ದಿನ ಗಾಳಿ ಬಂದು ಸೋಮಾರಿಯನ್ನು ಎತ್ತಿ ಶಿಸ್ತಿನವನನ್ನು ಕೆಡವಿತು. ಗಾಳಿಗೆ ತಿಳಿವಳಿಕೆ ಇಲ್ಲ, ಅದನ್ನು ಬೈದು ಫಲವಿಲ್ಲ. ಅದನ್ನು ನನ್ನ ಜಾಣತನವೆಂದು ಹೇಳಿದವಳು ಮಾತ್ರ ನಾನು.

ಒಂಬತ್ತನೆಯ ದಿನ ಶಾಲೆಗೆ ಹೋದೆ. ನಾನು ಹೇಳಿಕಳಿಸಿದ್ದರಿಂದ ಮಕ್ಕಳು, ಶಿಕ್ಷಕರು, ಹಿರಿಯರು ಸೇರಿದ್ದರು. ಅನುಸೂಯಾ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಮಾಗುಂಡಣ್ಣ ಬಾಗಿಲ ಬಳಿ ನಿಂತಿದ್ದ. ನಾನು ಎಲ್ಲವನ್ನೂ ಹೇಳಿದೆ, ಹೋಳಿಗೆಯನ್ನೂ ಬಿಡಲಿಲ್ಲ. ಇರುವೆಗಳು ಸುಳ್ಳು ಎಂದೆ, ಮಾಗುಂಡಣ್ಣನ ಗಂಟು ಬಿಚ್ಚಿರಲಿಲ್ಲ ಎಂದೆ.

ನಾನು ಮಾತು ಮುಗಿಸಿದೆ. ಆಮೇಲೆ ಚಪ್ಪಾಳೆ. ಮುಖ್ಯ ಶಿಕ್ಷಕರು ಎದ್ದು, ಇಷ್ಟು ದೊಡ್ಡವರು ತಮ್ಮ ಹಿರಿಮೆಯನ್ನೆಲ್ಲ ಹೀಗೆ ಗಾಳಿಗೆ ಬಿಟ್ಟುಕೊಟ್ಟು, ಬಿದ್ದವನ ಮಾನ ಕಾಯಲು ತಮ್ಮ ಮೇಲೇ ತಪ್ಪು ಹೊತ್ತುಕೊಳ್ಳುತ್ತಾರಲ್ಲ, ಮಕ್ಕಳೇ, ವಿನಯವೆಂದರೆ ಇದು ಎಂದರು. ಮುದುಕಿಯರು ಬಂದು ನನ್ನ ಕಾಲು ಮುಟ್ಟಿದರು. ಇಲ್ಲ, ನಿಜ ಹೇಳುತ್ತಿದ್ದೇನೆ ಎಂದಷ್ಟೂ ಅವರ ಕಣ್ಣು ತುಂಬಿ ಬಂತು. ಹಿನ್ನೀರಿನ ಆರು ಊರುಗಳು ಆ ವಾರವೇ ನಮ್ಮ ಕೈಗೆ ಬಂದವು. ಅನುಸೂಯಾ ಸುದ್ದಿ ತಂದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ, ಅವಳು ಅದನ್ನು ಸಂತೋಷವೆಂದುಕೊಂಡಳು.

ಈಗ ನಿಮಗೆ ತಿಳಿದಿರಬೇಕು, ನನಗೆ ನನ್ನ ಹೆಸರು ಕೇಳಿರದವರು ಯಾಕೆ ಬೇಕಾಗಿದ್ದರೆಂದು. ಇಲ್ಲಿ ನನ್ನ ಮಾತನ್ನು ನಂಬುವವರಿಲ್ಲ. ಗೆದ್ದವರು ಸುಳ್ಳು ಹೇಳಿದರೆ ಪಾಠವಾಗುತ್ತದೆ, ನಿಜ ಹೇಳಿದರೆ ವಿನಯವಾಗುತ್ತದೆ.

ಮಾತು ಸೋತಿತೆಂದು ನಾನು ಸುಮ್ಮನಾಗಲಿಲ್ಲ. ನಾಲ್ಕನೆಯ ಇಯತ್ತೆಯ ಮೂವತ್ತೊಂದು ಮಕ್ಕಳನ್ನು ನಮ್ಮ ಗೋದಾಮಿನ ಅಂಗಳಕ್ಕೆ ಕರೆಸಿದೆ. ಮಾಗುಂಡಣ್ಣನ ಕೈ ಹಿಡಿದು ಕರೆತಂದೆ. ಹಳೆಯ ಕಂಬವೊಂದಕ್ಕೆ ಅವನು ತನ್ನ ಗಂಟು ಹಾಕಿದ. ಹಗ್ಗದ ಇನ್ನೊಂದು ತುದಿಯನ್ನು ಭಾರ ಎಳೆಯುವ ಯಂತ್ರಕ್ಕೆ ಕಟ್ಟಿಸಿ ಎಳೆಸಿದೆ. ಹಗ್ಗ ಕಿರುಗುಟ್ಟಿತು, ಎಳೆ ಎಳೆಯಾಗಿ ಬಿರಿಯಿತು, ನಡುವೆ ಕಡಿದು ಬಿತ್ತು. ಗಂಟು ಕಂಬದ ಮೇಲೇ ಇತ್ತು. "ಆವತ್ತೂ ಹಿಂಗ ಇತ್ತು," ಎಂದು ಕಸ್ತೂರಿಗೆ ಹೇಳಿದೆ. "ನಾ ನೋಡಿದ್ದೆ. ನಿಮ್ಮಜ್ಜ ತಪ್ಪ ಮಾಡಿಲ್ಲ." ಹುಡುಗಿ ನನ್ನ ಕಡೆ ನೋಡಲಿಲ್ಲ. ಕಂಬದ ಬಳಿ ಹೋಗಿ ಗಂಟನ್ನು ಬೆರಳಿನಿಂದ ಮುಟ್ಟಿ, ಇದನ್ನು ಹಾಕುವುದು ಹೇಗೆ ಎಂದು ಅಜ್ಜನನ್ನು ಕೇಳಿದಳು. ಉಳಿದ ಮಕ್ಕಳೂ ಅವನನ್ನು ಮುತ್ತಿಕೊಂಡರು. ಅವನು ಒಬ್ಬೊಬ್ಬರಿಗೂ ಹೇಳಿಕೊಟ್ಟ. ಈಗ ವಾರಕ್ಕೆರಡು ದಿನ ಬಂದು ಕಲಿಸುತ್ತಾನೆ, ಪಗಾರ ತೆಗೆದುಕೊಳ್ಳುತ್ತಾನೆ. ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಕ್ಷಮಿಸಿದ್ದಾನೆಯೇ ಎಂದು ನಾನೂ ಕೇಳಿಲ್ಲ.

ಪುಸ್ತಕದ ಸಮಿತಿಗೆ ಮೂರು ಸಲ ಬರೆದೆ. ಪಾಠವನ್ನು ತೆಗೆಯಲಿಲ್ಲ. ಕೊನೆಯ ಪ್ರಶ್ನೆಯನ್ನು ಮಾತ್ರ ಈ ವರ್ಷದಿಂದ ಹೊಡೆದುಹಾಕಿದ್ದಾರೆ. ನನ್ನ ಕೈಲಾದದ್ದು ಇಷ್ಟು.

ನಿಮ್ಮ ಕಾಲದಲ್ಲಿಯೂ ಮೇಲೇರಿದವರು ವೇದಿಕೆ ಹತ್ತಿ ತಾವು ಏರಿದ ಬಗೆಯನ್ನು ಹೇಳುತ್ತಿರಬೇಕು. ಕೇಳಿ, ಅವರಲ್ಲಿ ಬಹಳ ಮಂದಿ ನಿಜವಾಗಿಯೂ ದುಡಿದವರು, ಅವರನ್ನು ಹೀಯಾಳಿಸಬೇಡಿ. ಮಕ್ಕಳಿಗೆ ದುಡಿಯಬೇಡಿರಿ ಎಂದೂ ಕಲಿಸಬೇಡಿ. ಗಾಳಿ ಬಂದ ದಿನ ಕೈಯಲ್ಲಿ ಕಸುಬಿರಬೇಕು. ನಾನು ಬೇಡುವುದು ಒಂದೇ. ಕತೆ ಮುಗಿದ ಮೇಲೆ ಅವರನ್ನು ಮೆಲ್ಲಗೆ ಕೇಳಿ: ಆ ವರ್ಷ ನಿಮ್ಮ ಜೊತೆ ಹೊರಟವರು ಇನ್ನಾರು, ಅವರು ಏನಾದರು? ಅವರು ಒಂದು ಹೆಸರು ಹೇಳಿದರೆ ಬರೆದಿಟ್ಟುಕೊಳ್ಳಿ. ಆ ಮನುಷ್ಯ ನಿಮ್ಮ ಊರಿನಲ್ಲೇ ಎಲ್ಲೋ ಇರುತ್ತಾನೆ. ಹೋಗಿ ಅವನ ಕಟ್ಟೆಯ ಮೇಲೆ ಕೂತು ಅವನ ಕತೆಯನ್ನೂ ಕೇಳಿ. ನಾನು ಬಹಳ ವರ್ಷ ಬಿಟ್ಟು ಹೋದೆ, ಅಷ್ಟರಲ್ಲಿ ದ್ಯಾಮವ್ವ ತೀರಿಹೋಗಿದ್ದಳು. ನೀವು ಇವತ್ತೇ ಹೋಗಿ.

ನಿಮ್ಮವಳಲ್ಲದ, ಆದರೆ ನಿಮ್ಮ ನಂಬಿಕೆ ಬೇಡುವ,
ಸುಗಂಧಾ ಬರಗುಂಡಿ